ಸೋಸುವ ಜಾಲರಿ, ದಾಟದ ಅರಿವು: ಮನೆಯಲ್ಲಿ ಕಟ್ಟಿದ ಚಿಕ್ಕ ವಿಮಾನಗಳ ಇಂಧನ ವ್ಯವಸ್ಥೆಯ ಚರಿತ್ರೆ

ಕೈಯಿಂದ ಮಾಡಿದ ವಸ್ತುವಿನ ಅರಿವು ಆ ವಸ್ತುವಿನಲ್ಲಿ ಎಷ್ಟು ನೆಲೆಸಿರುತ್ತದೆ, ಮಾಡಿದವನಲ್ಲಿ ಎಷ್ಟು ಉಳಿದಿರುತ್ತದೆ ಎಂಬುದು ಭೌತಿಕ ಸಂಸ್ಕೃತಿಯ ಅಧ್ಯಯನದಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆ. ನೇಗಿಲು, ಗಾಣ, ಮಗ್ಗ, ತೇರುಗಳ ಸಂದರ್ಭದಲ್ಲಿ ಈ ಪ್ರಶ್ನೆಯನ್ನು ಕೇಳುವುದು ಜಾನಪದ ವಿದ್ವತ್ತಿಗೆ ರೂಢಿಯಾಗಿದೆ. ಆಧುನಿಕ ಯಂತ್ರದ ಎದುರು ಇದೇ ಪ್ರಶ್ನೆಯನ್ನು ಕೇಳಿದ್ದು ವಿರಳ. ಯಂತ್ರವೆಂದರೆ ಕಾರ್ಖಾನೆ, ಕಾರ್ಖಾನೆಯೆಂದರೆ ಬರೆದಿಟ್ಟ ಜ್ಞಾನ ಎಂಬ ಗ್ರಹಿಕೆಯೇ ಇದಕ್ಕೆ ಕಾರಣ. ಈ ಗ್ರಹಿಕೆಗೆ ಹೊರತಾದ ಒಂದು ಪರಂಪರೆ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿದೆ. ಅದು ಹವ್ಯಾಸಿಗಳು ತಮ್ಮ ಮನೆಯ ಗ್ಯಾರೇಜುಗಳಲ್ಲಿ ಕಟ್ಟಿಕೊಳ್ಳುವ ಚಿಕ್ಕ ವಿಮಾನಗಳ ಪರಂಪರೆ. ಅದರ ಒಂದು ಅಂಗವಾದ ಇಂಧನ ವ್ಯವಸ್ಥೆಯನ್ನು, ವಿಶೇಷವಾಗಿ ಇಂಧನವನ್ನು ಸೋಸುವ ಕ್ರಮವನ್ನು ಮತ್ತು ಅದಕ್ಕೆ ಸಂಬಂಧಿಸಿದ ಸುರಕ್ಷತೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮಿನೆಸೋಟ ರಾಜ್ಯದ ಬರ್ನಾರ್ಡ್ ಪೀಟನ್‌ಪೋಲ್ ಫೋರ್ಡ್ ಮಾಡೆಲ್ ಎ ಕಾರಿನ ಎಂಜಿನ್ನನ್ನು ಅಳವಡಿಸಿ ರೂಪಿಸಿದ 'ಏರ್ ಕ್ಯಾಂಪರ್' ಈ ಪರಂಪರೆಯ ಆರಂಭದ ಮಾದರಿಗಳಲ್ಲೊಂದು. ಅದರ ನಕ್ಷೆಗಳು ೧೯೩೦ರ ದಶಕದ ಆರಂಭದಲ್ಲಿ ಜನಪ್ರಿಯ ಯಂತ್ರವಿದ್ಯಾ ಪ್ರಕಟಣೆಗಳ ಮೂಲಕ ಹಳ್ಳಿಪಟ್ಟಣಗಳ ಹವ್ಯಾಸಿಗಳಿಗೆ ತಲುಪಿದವು. ೧೯೫೩ರಲ್ಲಿ ಪಾಲ್ ಪೊಬೆರೆಜ್ನಿ ಮತ್ತು ಸಂಗಡಿಗರು ವಿಸ್ಕಾನ್ಸಿನ್‌ನಲ್ಲಿ ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್ ಸ್ಥಾಪಿಸಿದ ಮೇಲೆ ಈ ಹವ್ಯಾಸಕ್ಕೆ ಸಂಘಟಿತ ರೂಪ ಬಂದಿತು. ೧೯೭೦ರಿಂದ ಅದರ ವಾರ್ಷಿಕ ಸಮಾವೇಶಕ್ಕೆ ಆಷ್‌ಕಾಷ್ ನೆಲೆಯಾಯಿತು. ಅಮೆರಿಕದ ನಿಯಮದಂತೆ, ಕಲಿಕೆ ಅಥವಾ ವಿನೋದಕ್ಕಾಗಿ ಹವ್ಯಾಸಿಯೇ ಹೆಚ್ಚಿನ ಭಾಗವನ್ನು ಕಟ್ಟಿದ ವಿಮಾನವು 'ಪ್ರಾಯೋಗಿಕ' ವರ್ಗಕ್ಕೆ ಸೇರುತ್ತದೆ. ಕಾರ್ಖಾನೆಯ ವಿಮಾನಕ್ಕೆ ಕಡ್ಡಾಯವಾದ ವಿನ್ಯಾಸ ನಿಯಮಗಳು ಇದಕ್ಕೆ ಅನ್ವಯಿಸುವುದಿಲ್ಲ. ಹೀಗಾಗಿ ಇಂಧನದ ಕೊಳವೆ ಎಲ್ಲಿ ಹಾಯಬೇಕು, ಜಾಲರಿ ಎಷ್ಟು ಸಣ್ಣದಿರಬೇಕು, ಕವಾಟ ಎಲ್ಲಿರಬೇಕು ಎಂಬ ತೀರ್ಮಾನಗಳು ಕೊನೆಗೆ ಕಟ್ಟುವವನಿಗೇ ಸೇರಿದವು.

ಚಿಕ್ಕ ವಿಮಾನದ ಇಂಧನ ಮಾರ್ಗ ಮೇಲ್ನೋಟಕ್ಕೆ ಸರಳವಾದುದು. ಟ್ಯಾಂಕಿನ ಹೊರದಾರಿಯಲ್ಲಿ ಬೆರಳಿನಾಕಾರದ ದೊಡ್ಡ ಕಣ್ಣಿನ ಜಾಲರಿ ಇರುತ್ತದೆ. ಬಳಿಕ ಟ್ಯಾಂಕನ್ನು ಆಯ್ದುಕೊಳ್ಳುವ ಕವಾಟ, ವ್ಯವಸ್ಥೆಯ ತಗ್ಗಿನ ಜಾಗದಲ್ಲಿ ನೀರು ಮತ್ತು ಕಸವನ್ನು ತಡೆದು ನಿಲ್ಲಿಸುವ 'ಗ್ಯಾಸ್ಕೊಲೇಟರ್' ಎಂಬ ಬಟ್ಟಲು, ಅಗತ್ಯವಿದ್ದಲ್ಲಿ ಪಂಪು, ಕೊನೆಗೆ ಕಾರ್ಬ್ಯುರೇಟರ್. ನೀರು ಪೆಟ್ರೋಲಿಗಿಂತ ಭಾರವಾದ ಕಾರಣ ತಳದಲ್ಲಿ ನಿಲ್ಲುತ್ತದೆ. ಹಾರುವ ಮುನ್ನ ತಳದ ಬಿರಡೆಯಿಂದ ಸ್ವಲ್ಪ ಇಂಧನವನ್ನು ಗಾಜಿನ ಲೋಟಕ್ಕೆ ಇಳಿಸಿಕೊಂಡು ಬೆಳಕಿಗೆ ಹಿಡಿದು ನೋಡುವ ಪದ್ಧತಿ ಇದರಿಂದಲೇ ಬಂದದ್ದು. ಕಾರ್ಖಾನೆಯ ವಿಮಾನಗಳಿಗೆ ದೀರ್ಘಕಾಲ ಅನ್ವಯಿಸಿದ ನಿಯಮವು ಬೆರಳು ಜಾಲರಿಗೆ ಅಂಗುಲಕ್ಕೆ ೮ರಿಂದ ೧೬ ಕಣ್ಣುಗಳನ್ನೂ, ಹೊರದಾರಿಯ ಕೊಳವೆಯ ಐದು ಪಟ್ಟು ತೆರೆದ ವಿಸ್ತೀರ್ಣವನ್ನೂ ವಿಧಿಸಿತ್ತು. ಹವ್ಯಾಸಿಗೆ ಇದು ಕಟ್ಟಳೆಯಲ್ಲ, ಹಿರಿಯರ ಬುದ್ಧಿಮಾತು ಮಾತ್ರ.

ಆದರೆ ಸೋಸುವ ಕ್ರಿಯೆಯೊಳಗೇ ಒಂದು ಇಕ್ಕಟ್ಟಿದೆ. ಮನೆಯಲ್ಲಿ ಕಟ್ಟಿದ ಟ್ಯಾಂಕಿನಲ್ಲಿ ಕಟ್ಟಿದ ಕೆಲಸದ ಶೇಷವೇ ಉಳಿದಿರುತ್ತದೆ: ಅಲ್ಯೂಮಿನಿಯಮ್ ಚೂರು, ಗಾಜಿನ ನಾರಿನ ಪುಡಿ, ಸೋರಿಕೆ ತಡೆಯಲು ಬಳಿದ ಲೇಪದ ಹಕ್ಕಳೆ. ಇವನ್ನು ತಡೆಯಲು ಸಣ್ಣ ಕಣ್ಣಿನ ಫಿಲ್ಟರ್ ಹಾಕಿದರೆ, ಅದೇ ಕಸ ತುಂಬಿ ಫಿಲ್ಟರ್ ಮುಚ್ಚಿಕೊಂಡು ಎಂಜಿನ್ನಿಗೆ ಇಂಧನ ತಪ್ಪಬಹುದು. ಪಂಪಿಗೆ ಮೊದಲು ಬಿಗಿಯಾದ ಫಿಲ್ಟರ್ ಇಟ್ಟರೆ ಹೀರುವ ಒತ್ತಡ ತಗ್ಗಿ, ಬಿಸಿಯಲ್ಲಿ ಇಂಧನ ಆವಿಯಾಗಿ ಹರಿವು ಕಡಿಯಬಹುದು. ಅಂದರೆ ಒಂದು ಅಪಾಯವನ್ನು ತಡೆಯಲು ಇಟ್ಟ ವಸ್ತುವೇ ಇನ್ನೊಂದು ಅಪಾಯಕ್ಕೆ ದಾರಿಯಾಗುತ್ತದೆ. ಯಾವ ಅಪಾಯವನ್ನು ತಡೆಯಲು ಯಾವುದನ್ನು ಎಲ್ಲಿಟ್ಟಿದೆ ಎಂಬ ಕಾರಣ ಕಟ್ಟಿದವನಿಗೆ ಗೊತ್ತಿರುತ್ತದೆ. ಮೈಕೆಲ್ ಪೊಲಾನ್ಯಿ ೧೯೬೬ರಲ್ಲಿ ವಿವರಿಸಿದ ಮೌನಜ್ಞಾನ, ಎಂದರೆ ಬಲ್ಲವನೂ ಪೂರ್ತಿಯಾಗಿ ಮಾತಿಗಿಳಿಸಲಾಗದ ಅರಿವು, ಇದೇ ಬಗೆಯದು.

ಈ ಅರಿವು ದಾಟಿಬಂದ ಬಗೆಯೂ ಜಾನಪದ ಪ್ರಸರಣವನ್ನು ಹೋಲುತ್ತದೆ. ಸ್ಥಳೀಯ ಶಾಖೆಗಳ ಕೂಟ, ಆಷ್‌ಕಾಷ್‌ನ ಗುಡಾರಗಳಲ್ಲಿ ನಡೆಯುವ ಪ್ರಾತ್ಯಕ್ಷಿಕೆ, ಅನುಭವಸ್ಥ ಸ್ವಯಂಸೇವಕರು ಕಟ್ಟುವವನ ಗ್ಯಾರೇಜಿಗೇ ಬಂದು ಕೆಲಸ ನೋಡಿ ಹೇಳುವ ಸಲಹೆ ಇವು ಅದರ ಮುಖ್ಯ ಮಾರ್ಗಗಳು. ಇದರ ಜೊತೆಗೆ ಫೆಡರಲ್ ವಿಮಾನಯಾನ ಆಡಳಿತವು ಹವ್ಯಾಸಿಗಳಿಗಾಗಿ ಪ್ರಕಟಿಸಿದ ಪರೀಕ್ಷಾ ಹಾರಾಟದ ಕೈಪಿಡಿಯು ಒಂದು ಮುಖ್ಯ ಪರೀಕ್ಷೆಯನ್ನು ಬರಹಕ್ಕೆ ತಂದಿತು. ವಿಮಾನದ ಮೂತಿಯನ್ನು ಅತಿ ಕಡಿದಾದ ಏರುಹಾರಾಟದ ಕೋನಕ್ಕಿಂತ ೫ ಡಿಗ್ರಿ ಹೆಚ್ಚಿಗೆ ಎತ್ತಿ ನಿಲ್ಲಿಸಿ, ಕಾರ್ಬ್ಯುರೇಟರಿನ ಬಳಿ ಕೊಳವೆ ಬಿಚ್ಚಿ, ಹರಿವನ್ನು ಅಳೆಯಬೇಕು. ತಾನಾಗಿ ಇಳಿದು ಹರಿಯುವ ವ್ಯವಸ್ಥೆಯಲ್ಲಿ ಅದು ಎಂಜಿನ್ನಿನ ಪೂರ್ಣಬಲದ ಬಳಕೆಯ ಶೇ. ೧೫೦ರಷ್ಟು, ಪಂಪಿನ ವ್ಯವಸ್ಥೆಯಲ್ಲಿ ಶೇ. ೧೨೫ರಷ್ಟು ಇರಬೇಕು. ಗಂಟೆಗೆ ೧೦ ಗ್ಯಾಲನ್ ಬಳಸುವ ಎಂಜಿನ್ನಿಗೆ ಮೊದಲನೆಯ ಲೆಕ್ಕದಲ್ಲಿ ನಿಮಿಷಕ್ಕೆ ಕಾಲು ಗ್ಯಾಲನ್, ಎಂದರೆ ಲೀಟರಿಗೆ ಕೊಂಚ ಕಡಿಮೆ ಇಂಧನ ಸುರಿಯಬೇಕು. ಬಕೆಟ್ಟು ಮತ್ತು ಗಡಿಯಾರ ಇದ್ದರೆ ಈ ಪರೀಕ್ಷೆ ಸಾಧ್ಯ.

ಬರ್ಟ್ ರುಟಾನ್ ವಿನ್ಯಾಸಗೊಳಿಸಿ ೧೯೭೯ರಲ್ಲಿ ಮೊದಲು ಹಾರಿದ 'ಲಾಂಗ್-ಈಜೀ' ಈ ಪರಂಪರೆಯ ಪ್ರಸಿದ್ಧ ವಿಮಾನ. ಫೋಮಿನ ಮೇಲೆ ಗಾಜಿನ ನಾರು ಮತ್ತು ಎಪಾಕ್ಸಿ ಹಚ್ಚಿ ಅಚ್ಚಿಲ್ಲದೆ ಕಟ್ಟುವ ಕ್ರಮ ಅದರದು. ಬೆಂಗಳೂರಿನ ಆಗಿನ ನ್ಯಾಷನಲ್ ಏರೋನಾಟಿಕಲ್ ಲ್ಯಾಬೊರೇಟರಿಯು ೧೯೮೭ರಲ್ಲಿ ಹಾರಿಸಿದ ಹಗುರ ಕನಾರ್ಡ್ ಸಂಶೋಧನಾ ವಿಮಾನವೂ ಇದೇ ವಿನ್ಯಾಸವನ್ನು ಆಧರಿಸಿದ್ದಿತು ಎಂಬುದು ಇಲ್ಲಿ ಉಲ್ಲೇಖನೀಯ. ಲಾಂಗ್-ಈಜೀಯ ಮೂಲ ನಕ್ಷೆಯಂತೆ ಟ್ಯಾಂಕು ಆಯ್ಕೆಯ ಕವಾಟದ ಹಿಡಿ ಚಾಲಕನ ಕಾಲುಗಳ ನಡುವೆ, ಕೈಗೆಟುಕುವಂತೆ ಇರಬೇಕು. ಒಂದು ವಿಮಾನವನ್ನು ಕಟ್ಟಿದ ಹವ್ಯಾಸಿಯು ಇಂಧನದ ಕೊಳವೆ ಚಾಲಕನ ಕೋಣೆಯೊಳಗೆ ಬರಬಾರದೆಂದು, ಹಿಡಿಯನ್ನು ಚಾಲಕನ ಎಡಭುಜದ ಹಿಂದಿನ ಗೋಡೆಗೆ ಅಳವಡಿಸಿದನು. ಬೆಂಕಿಯ ಅಪಾಯವನ್ನು ದೂರವಿಡುವ ಸದುದ್ದೇಶ ಅದರಲ್ಲಿತ್ತು. ಆದರೆ ಹಿಡಿಯ ಮೇಲೂ, ಇಂಧನದ ಮಟ್ಟ ತೋರುವ ಗಾಜಿನ ಮೇಲೂ ಗುರುತುಗಳಿರಲಿಲ್ಲ.

ಆ ವಿಮಾನವು ಕೈಬದಲಾಗುತ್ತ ಗಾಯಕ ಜಾನ್ ಡೆನ್ವರ್ ಅವರಿಗೆ ಸೇರಿತು. ೧೯೯೭ರ ಅಕ್ಟೋಬರ್ ೧೨ರಂದು ಕ್ಯಾಲಿಫೋರ್ನಿಯದ ಮಾಂಟೆರೆ ನಿಲ್ದಾಣದಲ್ಲಿ ಹಾರುವ ಮುನ್ನ ಹಿಡಿ ಎಟುಕದೆಂಬುದು ಚರ್ಚೆಗೆ ಬಂದಿತ್ತು. ಇಕ್ಕಳದಿಂದ ಹಿಡಿಯನ್ನು ಉದ್ದಮಾಡುವ ಯತ್ನ ಫಲಿಸಲಿಲ್ಲ. ಬೆನ್ನ ಹಿಂದಿನ ಮಟ್ಟದ ಗಾಜನ್ನು ನೋಡಲು ತಂತ್ರಜ್ಞನೊಬ್ಬ ಕನ್ನಡಿ ಕೊಟ್ಟನು. ಇಂಧನ ತುಂಬಿಸಿಕೊಳ್ಳಲಿಲ್ಲ. ಕೆಲವೇ ನಿಮಿಷಗಳಲ್ಲಿ ವಿಮಾನ ಪೆಸಿಫಿಕ್ ಗ್ರೋವ್ ಬಳಿ ಸಮುದ್ರಕ್ಕೆ ಬಿದ್ದು ಡೆನ್ವರ್ ಮೃತರಾದರು. ಭುಜದ ಹಿಂದಿನ ಹಿಡಿಯನ್ನು ತಿರುಗಿಸಲು ಹೋದಾಗ ಗಮನ ಬೇರೆಡೆ ಹರಿದು, ಅರಿವಿಲ್ಲದೆ ಬಲಗಾಲು ರಡ್ಡರನ್ನು ಒತ್ತಿ ವಿಮಾನ ನಿಯಂತ್ರಣ ತಪ್ಪಿತು ಎಂದು ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ೧೯೯೯ರಲ್ಲಿ ನಿರ್ಣಯಿಸಿತು. ಇಂಧನ ತುಂಬದೆ ಹೊರಟದ್ದನ್ನೂ ಅದು ಕಾರಣವಾಗಿ ಎಣಿಸಿತು. ಹಿಡಿಯ ಸ್ಥಾನ, ಗುರುತಿಲ್ಲದಿರುವಿಕೆ, ಆ ಬಗೆಯ ವಿಮಾನದಲ್ಲಿ ಚಾಲಕನಿಗೆ ಸಾಲದ ತರಬೇತಿ ಮತ್ತು ಅನುಭವ ಇವನ್ನು ಪೂರಕ ಅಂಶಗಳೆಂದು ಹೇಳಿತು.

ಇಲ್ಲಿ ಕೆಟ್ಟದ್ದು ಫಿಲ್ಟರ್ ಅಲ್ಲ. ಆದರೆ ಫಿಲ್ಟರಿನ ಇಕ್ಕಟ್ಟೇ ಕವಾಟದ ರೂಪದಲ್ಲಿ ಮತ್ತೆ ಕಾಣಿಸಿಕೊಂಡಿದೆ: ಒಂದು ಅಪಾಯಕ್ಕೆ ಪರಿಹಾರವಾದದ್ದು ಇನ್ನೊಂದಕ್ಕೆ ಬಾಗಿಲು ತೆರೆಯಿತು. ಕಟ್ಟಿದವನ ಕೈಗೆ ರೂಢಿಯಾದದ್ದು ಕೊಂಡವನ ಕೈಗೆ ಅಪರಿಚಿತವಾಗಿತ್ತು. ಇದು ಬಿಡಿ ಪ್ರಸಂಗವಲ್ಲವೆಂಬುದಕ್ಕೆ ಅದೇ ಮಂಡಳಿಯ ೨೦೧೨ರ ಅಧ್ಯಯನ ಆಧಾರ ಒದಗಿಸುತ್ತದೆ. ೨೦೧೧ರಲ್ಲಿ ಅಪಘಾತಕ್ಕೀಡಾದ ಹವ್ಯಾಸಿ ನಿರ್ಮಿತ ವಿಮಾನಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಮಾಲೀಕರೇ ಕಟ್ಟಿದವಲ್ಲ, ಬೇರೆಯವರಿಂದ ಕೊಂಡವು. ಹಾರಾಟ ಯೋಗ್ಯತೆಯ ಪತ್ರ ನೀಡುವ ಮುನ್ನ ಇಂಧನ ವ್ಯವಸ್ಥೆಯ ಕಾರ್ಯಪರೀಕ್ಷೆ ನಡೆದಿರಬೇಕೆಂದು ಆ ಅಧ್ಯಯನ ಶಿಫಾರಸು ಮಾಡಿತು.

ಸಾಂಪ್ರದಾಯಿಕ ಕಸುಬುಗಳಲ್ಲಿ ವಸ್ತುವೂ ಅರಿವೂ ಬಹುಮಟ್ಟಿಗೆ ಒಂದೇ ಊರಿನ ಒಳಗೆ ಇರುತ್ತಿದ್ದವು. ನೇಗಿಲು ಕೆಟ್ಟರೆ ಅದನ್ನು ಮಾಡಿದ ಬಡಗಿ ಕೂಗಳತೆಯಲ್ಲಿದ್ದನು. ಮನೆಯಲ್ಲಿ ಕಟ್ಟಿದ ವಿಮಾನವು ಮಾರಾಟದ ವಸ್ತುವಾದೊಡನೆ ಆ ಬಂಧ ಕಡಿಯುತ್ತದೆ. ಹಿಡಿಯ ಮೇಲೊಂದು ಗುರುತು, ಫಿಲ್ಟರನ್ನು ಎಲ್ಲಿ ಏಕೆ ಇಟ್ಟಿದೆ ಎಂಬ ಟಿಪ್ಪಣಿ, ಹರಿವಿನ ಪರೀಕ್ಷೆಯ ದಾಖಲೆ ಇವು ಮಾಡಿದವನ ಮಾತನ್ನು ಕೊಂಡವನಿಗೆ ಮುಟ್ಟಿಸುವ ಸಾಧನಗಳು. ಮೌಖಿಕ ಪರಂಪರೆ ತಲುಪಲಾರದ ಕಡೆ ಬರಹವು ಅದರ ಸ್ಥಾನವನ್ನು ವಹಿಸಿಕೊಳ್ಳಬೇಕಾಗುತ್ತದೆ. ಅದು ಆಗದಿದ್ದಲ್ಲಿ ಅದರ ಬೆಲೆಯನ್ನು ತೆರುವವನು ಕಟ್ಟಿದವನಲ್ಲ, ಹಾರುವವನು ಎಂಬುದನ್ನು ಈ ಚರಿತ್ರೆ ಸ್ಪಷ್ಟಪಡಿಸುತ್ತದೆ.