ಕಡಲತಳದ ಹೂಳಿನ ವಯಸ್ಸು ತಿಳಿದ ಬಗೆ

ಭೂಮಿಯ ಹಳೆಯ ಹವಾಮಾನದ ಸುದೀರ್ಘ ದಾಖಲೆಗಳಲ್ಲೊಂದು ಆಳಕಡಲಿನ ತಳದಲ್ಲಿದೆ. ಸೂಕ್ಷ್ಮಜೀವಿಗಳ ಚಿಪ್ಪು, ಗಾಳಿ ಹೊತ್ತು ತಂದ ದೂಳು, ಜ್ವಾಲಾಮುಖಿಯ ಬೂದಿ ಅಲ್ಲಿ ಪದರ ಪದರವಾಗಿ ಕೂರುತ್ತವೆ. ನಡುಗಡಲಿನಲ್ಲಿ ಸಾವಿರ ವರ್ಷಕ್ಕೆ ಸೇರುವ ಹೂಳು ಸಾಮಾನ್ಯವಾಗಿ ಒಂದೆರಡು ಸೆಂಟಿಮೀಟರ್ ಮಾತ್ರ. ಕೆಳಗಿನ ಪದರ ಹಳೆಯದು ಎಂದು ಹೇಳುವುದು ಸುಲಭ. ಎಷ್ಟು ಹಳೆಯದು ಎಂದು ಹೇಳುವುದೇ ಕಷ್ಟ.

1872–76ರಲ್ಲಿ ಜಗತ್ತನ್ನು ಸುತ್ತಿದ ಬ್ರಿಟನ್ನಿನ ಚಾಲೆಂಜರ್ ನೌಕೆ ತಂದದ್ದು ಮುಖ್ಯವಾಗಿ ಮೇಲ್ಪದರದ ಮಾದರಿಗಳನ್ನು. 1925–27ರಲ್ಲಿ ಜರ್ಮನಿಯ ಮೀಟಿಯರ್ ನೌಕೆ ಅಟ್ಲಾಂಟಿಕ್ ತಳಕ್ಕೆ ಕೊಳವೆ ಇಳಿಸಿ ಹೂಳಿನ ಕೋರ್‌ಗಳನ್ನು ಎತ್ತಿತು. ಅವುಗಳಲ್ಲಿ ಬೆಚ್ಚನೆಯ ನೀರಿನ ಫೊರಾಮಿನಿಫೆರಾ ಜೀವಿಯೊಂದರ ಚಿಪ್ಪು ಮೇಲೆ ಹೇರಳವಾಗಿದ್ದು, ಅದರ ಕೆಳಗಿನ ಪದರದಲ್ಲಿ ಇಲ್ಲವಾಗಿದ್ದುದನ್ನು ವೋಲ್ಫ್‌ಗಾಂಗ್ ಶಾಟ್ 1935ರಲ್ಲಿ ತೋರಿಸಿದರು. ಹಿಮಯುಗದ ಗುರುತು ಸಿಕ್ಕಿತು, ಇಸವಿ ಸಿಗಲಿಲ್ಲ.

1949ರಲ್ಲಿ ವಿಲ್ಲರ್ಡ್ ಲಿಬ್ಬಿ ರೇಡಿಯೊಕಾರ್ಬನ್ ವಿಧಾನವನ್ನು ಮುಂದಿಟ್ಟರು. ಅದು ಮುಟ್ಟುವುದು ಸುಮಾರು 50,000 ವರ್ಷಗಳವರೆಗೆ ಮಾತ್ರ. ಕಡಲ ನೀರಿನ ಇಂಗಾಲವೇ ಹಳೆಯದಾದ್ದರಿಂದ ಮೇಲ್ನೀರಿನಲ್ಲಿ ಈಗಷ್ಟೇ ಬೆಳೆದ ಚಿಪ್ಪೂ ಸರಾಸರಿ 400 ವರ್ಷ ಹಳೆಯದೆಂದು ತೋರುತ್ತದೆ, ಅದನ್ನು ಕಳೆಯಬೇಕು. ಜೊತೆಗೆ ತಳದ ಹುಳುಗಳು ಮೇಲಿನ ಹತ್ತು ಸೆಂಟಿಮೀಟರಿನಷ್ಟು ಹೂಳನ್ನು ಕಲಸಿಬಿಡುತ್ತವೆ. ಸುಮಾರು 75,000 ವರ್ಷಗಳ ಅರ್ಧಾಯುಷ್ಯದ ಥೋರಿಯಂ-230 ಈ ಮಿತಿಯನ್ನು ಮೂರು ಲಕ್ಷ ವರ್ಷಗಳ ಆಸುಪಾಸಿಗೆ ಒಯ್ದಿತು.

ದೊಡ್ಡ ತಿರುವು ಬಂದದ್ದು ಆಮ್ಲಜನಕದ ಐಸೊಟೋಪುಗಳಿಂದ. 1955ರಲ್ಲಿ ಚೆಸಾರೆ ಎಮಿಲಿಯಾನಿ ಚಿಪ್ಪುಗಳಲ್ಲಿನ ಭಾರದ ಮತ್ತು ಹಗುರ ಆಮ್ಲಜನಕದ ಅನುಪಾತವನ್ನು ಅಳೆದು, ಬೆಚ್ಚನೆಯ ಹಂತಗಳಿಗೆ ಬೆಸ ಸಂಖ್ಯೆ, ತಂಪಿನ ಹಂತಗಳಿಗೆ ಸರಿ ಸಂಖ್ಯೆ ಕೊಟ್ಟರು. ಅವರು ಅದನ್ನು ಮುಖ್ಯವಾಗಿ ಉಷ್ಣತೆಯ ಏರಿಳಿತವೆಂದು ಓದಿದ್ದರು. ಹೆಚ್ಚಿನ ಪಾಲು ನೆಲದ ಮೇಲಿನ ಹಿಮರಾಶಿಯ ಏರಿಳಿತದ್ದು ಎಂದು 1967ರಲ್ಲಿ ನಿಕೊಲಾಸ್ ಶ್ಯಾಕಲ್‌ಟನ್ ವಾದಿಸಿದರು. ಹಾಗಿದ್ದರೆ ಈ ಗುರುತು ಎಲ್ಲ ಕಡಲುಗಳಲ್ಲೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಬೀಳಬೇಕು. ಒಂದು ಕೋರನ್ನು ಇನ್ನೊಂದಕ್ಕೆ ಹೊಂದಿಸಬಹುದು.

1973ರಲ್ಲಿ ಶ್ಯಾಕಲ್‌ಟನ್ ಮತ್ತು ನೀಲ್ ಆಪ್‌ಡೈಕ್ ಪೆಸಿಫಿಕ್‌ನ ವಿ28-238 ಕೋರಿನಲ್ಲಿ ಐಸೊಟೋಪ್ ಹಂತಗಳನ್ನೂ ಭೂಕಾಂತದ ಕೊನೆಯ ದಿಕ್ಕುಬದಲನ್ನೂ ಒಟ್ಟಿಗೆ ಗುರುತಿಸಿದರು. ಆ ಪಲ್ಲಟಕ್ಕೆ ಅಂದು 7 ಲಕ್ಷ ವರ್ಷವೆಂದು ಲೆಕ್ಕವಿತ್ತು. 1976ರಲ್ಲಿ ಹೇಸ್, ಇಂಬ್ರಿ, ಶ್ಯಾಕಲ್‌ಟನ್ ನಮ್ಮ ಹಿಂದೂ ಮಹಾಸಾಗರದ ದಕ್ಷಿಣ ಭಾಗದ ಎರಡು ಕೋರ್‌ಗಳಲ್ಲಿ ಸುಮಾರು 1,00,000, 41,000 ಮತ್ತು 23,000 ವರ್ಷಗಳ ಆವರ್ತನಗಳನ್ನು ಕಂಡರು. ಅವು ಮಿಲಾಂಕೋವಿಚ್ ಲೆಕ್ಕ ಹಾಕಿದ್ದ ಭೂಕಕ್ಷೆಯ ಬದಲಾವಣೆಗಳಿಗೆ ಹೊಂದಿದವು. ಅಲ್ಲಿಂದ ಖಗೋಳ ಗಣಿತವೇ ಹೂಳಿನ ಗಡಿಯಾರವಾಯಿತು.

ಆ ಗಡಿಯಾರದ ನಿಜವಾದ ಪರೀಕ್ಷೆ ನಡೆದದ್ದು 1990ರಲ್ಲಿ. ಬಂಡೆಗಳ ಪೊಟ್ಯಾಸಿಯಂ-ಆರ್ಗಾನ್ ಕಾಲಗಣನೆ ಕಾಂತಪಲ್ಲಟಕ್ಕೆ 7.3 ಲಕ್ಷ ವರ್ಷ ಎನ್ನುತ್ತಿದ್ದಾಗ, ಶ್ಯಾಕಲ್‌ಟನ್ ಮತ್ತು ಸಂಗಡಿಗರು ಕಕ್ಷೆಯ ಲೆಕ್ಕದಿಂದ 7.8 ಲಕ್ಷ ಎಂದರು. ಲಾವಾ ಬಂಡೆಗಳ ಹೆಚ್ಚು ನಿಖರವಾದ ಆರ್ಗಾನ್-ಆರ್ಗಾನ್ ಅಳತೆ ಬಂದಾಗ ಹೂಳಿನ ಲೆಕ್ಕವೇ ಸರಿಯೆಂದು ತಿಳಿಯಿತು. ಈ ಕ್ಷೇತ್ರದ ಅತ್ಯುತ್ತಮ ಗಳಿಗೆ ಇದೇ ಎಂಬುದು ನನ್ನ ಎಣಿಕೆ.

2005ರಲ್ಲಿ ಲಿಸಿಯೆಕಿ ಮತ್ತು ರೇಮೊ 57 ದಾಖಲೆಗಳನ್ನು ಹೆಣೆದು 53 ಲಕ್ಷ ವರ್ಷಗಳ ಮಾನದಂಡವನ್ನು ರೂಪಿಸಿದರು. ನಮ್ಮ ನೀರಿನಲ್ಲೂ ಕೆಲಸ ಸಾಗಿದೆ. ಸುಮಾತ್ರಾದ ಟೋಬಾ ಜ್ವಾಲಾಮುಖಿ ಸುಮಾರು 74,000 ವರ್ಷಗಳ ಹಿಂದೆ ಉಗುಳಿದ ಬೂದಿ ಬಂಗಾಳ ಕೊಲ್ಲಿ, ಅರಬ್ಬೀ ಸಮುದ್ರ ಎರಡರಲ್ಲೂ ಗಟ್ಟಿ ಗುರುತಾಗಿದೆ. ಸುಮಾರು 3,500 ವರ್ಷಗಳಿಂದೀಚೆಗೆ ಇಲ್ಲಿನ ಹವೆಯ ತೇವ ತಗ್ಗಿತೆಂದು ಕಾರವಾರದಾಚೆಯ ಕೋರ್‌ಗಳ ಅಧ್ಯಯನ 1994ರಲ್ಲಿ ತಿಳಿಸಿತು. 2015ರಲ್ಲಿ ಮುಂಗಾರಿನ ಚರಿತ್ರೆ ಅರಸಿ ಅರಬ್ಬೀ ಸಮುದ್ರದ ಲಕ್ಷ್ಮೀ ಜಲಾನಯನದಲ್ಲಿ ಅಂತಾರಾಷ್ಟ್ರೀಯ ತಂಡವೊಂದು ತಳ ಕೊರೆಯಿತು.

ಇಂಗಾಲ, ಥೋರಿಯಂ, ಕಾಂತ, ಬೂದಿ, ಕಕ್ಷೆ: ಯಾವ ಗಡಿಯಾರವೂ ಒಂಟಿಯಾಗಿ ನಂಬಿಕೆಗೆ ಸಾಲದು. ಇಷ್ಟು ಸಾವಿರ ವರ್ಷಗಳ ಹಿಂದೆ ಮುಂಗಾರು ಕೈಕೊಟ್ಟಿತ್ತು ಎಂಬ ಸುದ್ದಿ ಓದಿದಾಗ, ಆ ವಯಸ್ಸನ್ನು ಎಷ್ಟು ವಿಧಾನಗಳು ಒಪ್ಪಿವೆ ಎಂದು ಓದುಗರು ಮೊದಲು ಕೇಳಲಿ.