ಕಾಯಕವನ್ನರಸಿದ ವರುಷಗಳು

ಹನ್ನೆರಡನೆಯ ಶತಮಾನದ ಶರಣರು ತಮ್ಮ ಕಾಯಕವನ್ನು ಹೆಸರಿನೊಂದಿಗೇ ಧರಿಸಿದವರು. ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ ಎಂಬ ಹೆಸರುಗಳನ್ನು ಉಚ್ಚರಿಸಿದೊಡನೆ ಅವರ ಕೈಯ ಕೆಲಸವೂ ಕಣ್ಣಮುಂದೆ ನಿಲ್ಲುತ್ತದೆ. ಬಸವಣ್ಣನವರೂ ಲೆಕ್ಕ ಬರೆಯುವ ಕರಣಿಕರಾಗಿಯೇ ತಮ್ಮ ಕಾಯಕವನ್ನು ಆರಂಭಿಸಿದರೆಂದು ಪರಂಪರೆ ಹೇಳುತ್ತದೆ. ಕಾಯಕದಲ್ಲಿ ಮೇಲು ಕೀಳೆಂಬುದಿಲ್ಲ. ಕಾಯಕ ಮಾಡದೆ ಉಣ್ಣುವುದು ಸಲ್ಲದು. ಇದು ಶರಣರ ನಿಲುವು.

ಈ ತತ್ತ್ವವನ್ನು ನಂಬಿ ನಡೆಯುವ ಮನೆಗಳಲ್ಲಿಯೇ ಇಂದು ಒಂದು ನೋವಿನ ಪ್ರಶ್ನೆ ಏಳುತ್ತದೆ. ದುಡಿಯಲು ಸಿದ್ಧನಿರುವ ಮಗನಿಗೆ, ಓದು ಮುಗಿಸಿದ ಮಗಳಿಗೆ, ವರುಷಗಟ್ಟಲೆ ಅಲೆದರೂ ಉದ್ಯೋಗ ದೊರೆಯದೆ ಹೋದರೆ ಅವರನ್ನು ಕಾಯಕಹೀನರೆಂದು ಕರೆಯಬಹುದೆ? ಅರ್ಜಿಯ ಮೇಲೆ ಅರ್ಜಿ ಬರೆದು, ಉತ್ತರವಿಲ್ಲದೆ ಕಾದು, ಬಂಧುಗಳ ಮಾತಿಗೆ ಅಂಜಿ ತಲೆ ತಗ್ಗಿಸಿ ನಡೆಯುವ ಯುವಕರಿಗೆ ಕಾಯಕತತ್ತ್ವ ಏನನ್ನು ಹೇಳುತ್ತದೆ? ಈ ಪ್ರಶ್ನೆಗೆ ಉತ್ತರವನ್ನು ಹುಡುಕುವವರಿಗೆ ನೂರು ವರುಷಗಳ ಹಿಂದಿನ ಮದರಾಸಿನ ಒಂದು ಜೀವನವೃತ್ತಾಂತ ದಾರಿ ತೋರಬಲ್ಲದು. ಅದು ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಅವರದು. ಅವರು ಶರಣ ಪರಂಪರೆಯವರಲ್ಲ. ನಾಮಗಿರಿ ದೇವಿಯನ್ನು ಆರಾಧಿಸಿದ ಶ್ರೀವೈಷ್ಣವ ಮನೆತನದವರು. ಆದರೂ ಕೆಲಸವಿಲ್ಲದ ದಿನಗಳನ್ನು ಅವರು ಕಳೆದ ಬಗೆಯಲ್ಲಿ ಕಾಯಕದ ಮರ್ಮವನ್ನು ಅರಿಯಬಹುದು.

ರಾಮಾನುಜನ್ 1887ರ ಡಿಸೆಂಬರ್ 22ರಂದು ಈರೋಡಿನಲ್ಲಿ ಜನಿಸಿದರು. ತಂದೆ ಕುಂಭಕೋಣದ ಬಟ್ಟೆಯಂಗಡಿಯೊಂದರಲ್ಲಿ ಗುಮಾಸ್ತರು. ಶಾಲೆಯಲ್ಲಿ ಗಣಿತದಿಂದ ಕೀರ್ತಿ ಪಡೆದ ಬಾಲಕ 1904ರಲ್ಲಿ ವಿದ್ಯಾರ್ಥಿವೇತನದೊಡನೆ ಕುಂಭಕೋಣದ ಸರಕಾರಿ ಕಾಲೇಜನ್ನು ಸೇರಿದನು. ಗಣಿತವೊಂದನ್ನುಳಿದು ಬೇರಾವ ವಿಷಯದಲ್ಲಿಯೂ ಮನಸ್ಸು ನಿಲ್ಲಲಿಲ್ಲ. ವಿದ್ಯಾರ್ಥಿವೇತನ ಕೈತಪ್ಪಿತು. ಮದರಾಸಿನ ಪಚ್ಚಯ್ಯಪ್ಪ ಕಾಲೇಜಿನಲ್ಲಿ ಮತ್ತೆ ಓದನ್ನು ತೊಡಗಿದರೂ ಎಫ್.ಎ. ಪರೀಕ್ಷೆಯಲ್ಲಿ ಎರಡು ಬಾರಿ ಅನುತ್ತೀರ್ಣರಾದರು. ಪದವಿಯೇ ಉದ್ಯೋಗದ ಬಾಗಿಲಾಗಿದ್ದ ಕಾಲವದು. ಇಪ್ಪತ್ತರ ವಯಸ್ಸಿನಲ್ಲಿಯೇ ಆ ಬಾಗಿಲು ಮುಚ್ಚಿತು.

1909ರಲ್ಲಿ ಜಾನಕಿಯವರೊಡನೆ ವಿವಾಹವಾಯಿತು. ಮರುವರುಷದ ಆರಂಭದಲ್ಲಿ ಶಸ್ತ್ರಚಿಕಿತ್ಸೆಯೊಂದು ನಡೆಯಿತು. ವೆಚ್ಚ ಭರಿಸಲು ಮನೆಯಲ್ಲಿ ಹಣವಿಲ್ಲದಾಗ ವೈದ್ಯರೊಬ್ಬರು ಉಚಿತವಾಗಿ ಅದನ್ನು ನೆರವೇರಿಸಿದರು. ಚೇತರಿಸಿಕೊಂಡೊಡನೆ ರಾಮಾನುಜನ್ ಉದ್ಯೋಗವನ್ನರಸಿ ಹೊರಟರು. ಮಕ್ಕಳಿಗೆ ಮನೆಪಾಠ ಹೇಳಲು ಯತ್ನಿಸಿದರು. ಅದರಿಂದ ಜೀವನ ಸಾಗಲಿಲ್ಲ. ಕೈಯಲ್ಲಿ ಪ್ರಮಾಣಪತ್ರವಿರಲಿಲ್ಲ, ಶಿಫಾರಸು ಇರಲಿಲ್ಲ. ಇದ್ದದ್ದು ವರುಷಗಳಿಂದ ತುಂಬಿಸುತ್ತ ಬಂದ ನೋಟುಪುಸ್ತಕಗಳು ಮಾತ್ರ. ಕಾಗದಕ್ಕೆ ಹಣ ಸಾಲದುದರಿಂದ ಲೆಕ್ಕವನ್ನು ಸ್ಲೇಟಿನ ಮೇಲೆ ಮಾಡಿ, ಮೊಣಕೈಯಿಂದ ಒರೆಸಿ, ಫಲಿತಾಂಶವನ್ನಷ್ಟೇ ಪುಸ್ತಕಕ್ಕೆ ಇಳಿಸುವುದು ಅವರ ರೂಢಿಯಾಗಿತ್ತು.

ಇಲ್ಲಿ ಒಂದು ಕ್ಷಣ ನಿಂತು ನೋಡಬೇಕು. ಆ ಸ್ಲೇಟಿನ ಮುಂದೆ ಕುಳಿತ ಯುವಕನಿಗೆ ಯಾರೂ ಸಂಬಳ ಕೊಡುತ್ತಿರಲಿಲ್ಲ. ಪರೀಕ್ಷೆಯಿರಲಿಲ್ಲ, ಮೆಚ್ಚುವವರಿರಲಿಲ್ಲ. ಆದರೂ ಪ್ರತಿದಿನವೂ ಕೆಲಸ ನಡೆಯಿತು. ಉದ್ಯೋಗವೆಂಬುದು ಇನ್ನೊಬ್ಬರು ಕೊಡುವಂಥದು. ಕಾಯಕವೆಂಬುದು ತಾನೇ ಕೈಗೆತ್ತಿಕೊಳ್ಳುವಂಥದು. ರಾಮಾನುಜನ್ ಆ ದಿನಗಳಲ್ಲಿ ನಿರುದ್ಯೋಗಿಯಾಗಿದ್ದರು, ಕಾಯಕಹೀನರಾಗಿರಲಿಲ್ಲ.

1910ರಲ್ಲಿ ಅವರು ತಿರುಕೋವಿಲೂರಿಗೆ ಹೋಗಿ ಡೆಪ್ಯುಟಿ ಕಲೆಕ್ಟರ್ ವಿ. ರಾಮಸ್ವಾಮಿ ಅಯ್ಯರ್ ಅವರನ್ನು ಕಂಡರು. 1907ರಲ್ಲಿ ಭಾರತೀಯ ಗಣಿತ ಸಂಘವನ್ನು ಸ್ಥಾಪಿಸಿದವರು ಇವರೇ. ತಾಲ್ಲೂಕು ಕಚೇರಿಯಲ್ಲಿ ಒಂದು ಗುಮಾಸ್ತೆಯ ಕೆಲಸ ಸಿಕ್ಕರೆ ಸಾಕೆಂಬುದೇ ರಾಮಾನುಜನ್ ಅವರ ಬೇಡಿಕೆ. ನೋಟುಪುಸ್ತಕವನ್ನು ತಿರುವಿದ ಅಯ್ಯರ್ ಅವರಿಗೆ ಈ ಪ್ರತಿಭೆಯನ್ನು ಕಂದಾಯ ಇಲಾಖೆಯ ಕೆಳಮೆಟ್ಟಿಲಿನಲ್ಲಿ ಹೂತುಬಿಡಲು ಮನಸ್ಸಾಗಲಿಲ್ಲ. ಅವರು ಕೆಲಸವನ್ನು ಕೊಡಲಿಲ್ಲ. ಪರಿಚಯಪತ್ರವನ್ನು ಕೊಟ್ಟು ಮದರಾಸಿಗೆ ಕಳುಹಿಸಿದರು. ಅಲ್ಲಿ ಪ್ರೆಸಿಡೆನ್ಸಿ ಕಾಲೇಜಿನ ಶೇಷು ಅಯ್ಯರ್, ಅವರ ಮೂಲಕ ನೆಲ್ಲೂರಿನ ಕಲೆಕ್ಟರ್ ಆರ್. ರಾಮಚಂದ್ರ ರಾವ್. ಹೀಗೆ ಒಂದು ಬಾಗಿಲು ಇನ್ನೊಂದು ಬಾಗಿಲನ್ನು ತೋರಿಸಿತು. ಹಸಿದವನಿಗೆ ಪರಿಚಯಪತ್ರ ಅನ್ನವಾಗದು. ಆದರೂ ರಾಮಾನುಜನ್ ಪ್ರತಿಯೊಂದು ಬಾಗಿಲಿನವರೆಗೂ ನಡೆದರು.

ರಾಮಚಂದ್ರ ರಾವ್ ಗಣಿತಾಸಕ್ತರು. ಮೊದಲ ಭೇಟಿಯಲ್ಲಿ ಆ ಪುಸ್ತಕದ ಒಳಗನ್ನು ಅರಿಯಲು ಅವರಿಂದಾಗಲಿಲ್ಲ. ರಾಮಾನುಜನ್ ನಿರಾಶರಾಗದೆ ಮತ್ತೆ ಮತ್ತೆ ಹೋದರು. ಕೇಳುವವರ ತಿಳಿವಳಿಕೆಯ ಮಟ್ಟವನ್ನರಿತು, ಸರಳ ಫಲಿತಾಂಶಗಳಿಂದ ಆರಂಭಿಸಿ ಹಂತಹಂತವಾಗಿ ಕಠಿಣವಾದುದರತ್ತ ಕರೆದೊಯ್ದರು. ಕೊನೆಗೆ ರಾವ್ ಅವರಿಗೆ ಮನವರಿಕೆಯಾಯಿತು. ಏನು ಬೇಕೆಂದು ಕೇಳಿದಾಗ, ಗಣಿತವನ್ನು ಮುಂದುವರಿಸಲು ಹೊಟ್ಟೆಪಾಡಿಗಾಗುವಷ್ಟು ಸಾಕೆಂಬ ಉತ್ತರ ಬಂದಿತು. ರಾವ್ ತಿಂಗಳಿಗೆ 25 ರೂಪಾಯಿಗಳನ್ನು ಕಳುಹಿಸತೊಡಗಿದರು.

ಇಲ್ಲಿಗೆ ಕಷ್ಟ ತೀರಿತೆಂದು ಬೇರೆಯವರು ನೆಮ್ಮದಿಯಾಗಿ ಕುಳಿತುಬಿಡುತ್ತಿದ್ದರೇನೋ. ರಾಮಾನುಜನ್ ಅವರಿಗೆ ಹಾಗೆ ಕುಳಿತಿರಲಾಗಲಿಲ್ಲ. ವಿದ್ಯಾರ್ಥಿವೇತನ ಕೊಡಿಸುವ ಯತ್ನಗಳು ವಿಫಲವಾದ ಮೇಲೆ, ಒಬ್ಬರ ಆಶ್ರಯದಲ್ಲಿ ಬಹುಕಾಲ ಬದುಕುವುದನ್ನು ಅವರು ಒಪ್ಪಲಿಲ್ಲವೆಂದು ನೆರವಿತ್ತವರೇ ಮುಂದೆ ಬರೆದಿದ್ದಾರೆ. ಶರಣ ಸಾಹಿತ್ಯವನ್ನು ಬಲ್ಲವರಿಗೆ ಈ ಮಾತು ಓದಿದೊಡನೆ ಆಯ್ದಕ್ಕಿ ಲಕ್ಕಮ್ಮನವರ ನೆನಪಾಗುತ್ತದೆ. ಪತಿ ಮಾರಯ್ಯ ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಅದನ್ನು ಹಿಂದಕ್ಕೆ ಸುರಿದು ಬರಲು ಕಳುಹಿಸಿದ ತಾಯಿ ಅವರು. ಕಷ್ಟಕಾಲದಲ್ಲಿ ನೆರವನ್ನು ಪಡೆಯುವುದರಲ್ಲಿ ಅವಮಾನವಿಲ್ಲ. ಆ ನೆರವು ಎಲ್ಲಿಯವರೆಗೆಂಬ ಎಲ್ಲೆಯನ್ನು ಪಡೆದವನೇ ಬಲ್ಲವನಾಗಿರಬೇಕು.

ಇದೇ ಅವಧಿಯಲ್ಲಿ ನಡೆದ ಇನ್ನೊಂದು ಸಂಗತಿಗೆ ಕರ್ನಾಟಕದ ನಂಟಿದೆ. ಭಾರತೀಯ ಗಣಿತ ಸಂಘದ ಪತ್ರಿಕೆಯ ಸಂಪಾದಕರಾಗಿದ್ದವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಧ್ಯಾಪಕ ಎಂ. ಟಿ. ನಾರಾಯಣ ಅಯ್ಯಂಗಾರ್. ಬರ್ನೂಲಿ ಸಂಖ್ಯೆಗಳನ್ನು ಕುರಿತ ರಾಮಾನುಜನ್ ಅವರ ಮೊದಲ ದೀರ್ಘ ಲೇಖನ ಇವರ ಕೈಸೇರಿತು. ಅದರ ವಿಧಾನ ಹೊಸದು, ನಿರೂಪಣೆ ಅತಿ ಸಂಕ್ಷಿಪ್ತ. ಸಾಮಾನ್ಯ ಗಣಿತಜ್ಞನಿಗೆ ಅದರ ಜಾಡು ಹಿಡಿಯುವುದೇ ಕಷ್ಟವೆಂದು ಸಂಪಾದಕರು ಕಂಡರು. ಲೇಖನ ಒಂದಕ್ಕಿಂತ ಹೆಚ್ಚು ಬಾರಿ ಹಿಂದಿರುಗಿತು. ಹಿಂದಿರುಗಿದ ಪ್ರತಿಯನ್ನು ರಾಮಾನುಜನ್ ಅವಮಾನವೆಂದು ಮೂಲೆಗೆಸೆಯಲಿಲ್ಲ. ತಿದ್ದಿ ಮರಳಿ ಕಳುಹಿಸಿದರು. 1911ರಲ್ಲಿ ಅದು ಅಚ್ಚಾಯಿತು. ಎಲ್ಲ ನಿರಾಕರಣೆಗಳೂ ಒಂದೇ ಬಗೆಯವಲ್ಲ. ಕೆಲವು ಬಾಗಿಲನ್ನು ಮುಚ್ಚುತ್ತವೆ, ಕೆಲವು ದೋಷವನ್ನು ತೋರುತ್ತವೆ. ಎರಡನೆಯದನ್ನು ಗುರುತಿಸಿ ಅದರಿಂದ ಕಲಿಯಬಲ್ಲವನಿಗೆ ಅಲೆದಾಟವೂ ವಿದ್ಯೆಯಾಗುತ್ತದೆ.

1912ರ ಆರಂಭದಲ್ಲಿ ಮದರಾಸಿನ ಅಕೌಂಟೆಂಟ್ ಜನರಲ್ ಕಚೇರಿಯಲ್ಲಿ 20 ರೂಪಾಯಿ ಸಂಬಳದ ತಾತ್ಕಾಲಿಕ ಕೆಲಸ ಕೆಲವು ವಾರಗಳ ಮಟ್ಟಿಗೆ ದೊರೆಯಿತು. ಅದು ಮುಗಿಯುವವರೆಗೆ ಅವರು ಕಾಯಲಿಲ್ಲ. ಫೆಬ್ರವರಿ 9ರಂದು ಮದರಾಸು ಪೋರ್ಟ್ ಟ್ರಸ್ಟಿಗೆ ಅರ್ಜಿಯನ್ನು ಬರೆದರು. ಆ ಅರ್ಜಿಯ ಪ್ರಾಮಾಣಿಕತೆ ಗಮನಾರ್ಹ. ಮೆಟ್ರಿಕ್ಯುಲೇಷನ್ ಮುಗಿಸಿ ಎಫ್.ಎ.ವರೆಗೆ ಓದಿದ್ದನ್ನೂ, ಪ್ರತಿಕೂಲ ಸನ್ನಿವೇಶಗಳಿಂದ ಓದು ಮುಂದುವರಿಯದೆ ಹೋದುದನ್ನೂ ಮರೆಮಾಚದೆ ತಿಳಿಸಿದರು. ಜೊತೆಗೆ, ತಮ್ಮ ಸಮಯವೆಲ್ಲವನ್ನೂ ಗಣಿತಕ್ಕೆ ಮೀಸಲಿಟ್ಟಿರುವುದನ್ನು ಸಂಕೋಚವಿಲ್ಲದೆ ಹೇಳಿಕೊಂಡರು. ಸೋಲನ್ನು ಮುಚ್ಚಲಿಲ್ಲ, ದುಡಿಮೆಯನ್ನೂ ಮುಚ್ಚಲಿಲ್ಲ. ಪ್ರೆಸಿಡೆನ್ಸಿ ಕಾಲೇಜಿನ ಪ್ರಾಧ್ಯಾಪಕ ಮಿಡ್ಲ್‌ಮಾಸ್ಟ್ ಅವರ ಶಿಫಾರಸು ಜೊತೆಗಿತ್ತು. ಮಾರ್ಚ್ 1ರಂದು ತಿಂಗಳಿಗೆ 30 ರೂಪಾಯಿ ಸಂಬಳದ ಗುಮಾಸ್ತರಾಗಿ ಅವರು ಲೆಕ್ಕಪತ್ರ ವಿಭಾಗವನ್ನು ಸೇರಿದರು.

ಕರಣಿಕನ ಆ ಸಣ್ಣ ಕೆಲಸವೇ ಮುಂದಿನದಕ್ಕೆ ನೆಲೆಯಾಯಿತು. ಕಚೇರಿಯ ಮುಖ್ಯ ಲೆಕ್ಕಿಗ ನಾರಾಯಣ ಅಯ್ಯರ್ ಗಣಿತ ಬಲ್ಲವರು. ಅಧ್ಯಕ್ಷ ಸರ್ ಫ್ರಾನ್ಸಿಸ್ ಸ್ಪ್ರಿಂಗ್ ಸಹಾನುಭೂತಿಯುಳ್ಳವರು. ಅದೇ ಮೇಜಿನಿಂದ 1913ರ ಜನವರಿ 16ರಂದು ಕೇಂಬ್ರಿಜ್ಜಿನ ಜಿ. ಎಚ್. ಹಾರ್ಡಿಯವರಿಗೆ ಪತ್ರ ಹೋಯಿತು. ಆ ವರುಷವೇ ಮದರಾಸು ವಿಶ್ವವಿದ್ಯಾನಿಲಯ ತಿಂಗಳಿಗೆ 75 ರೂಪಾಯಿಗಳ ಸಂಶೋಧನಾ ವೇತನವನ್ನು ನೀಡಿತು. 1914ರಲ್ಲಿ ಇಂಗ್ಲೆಂಡಿನ ಪ್ರಯಾಣ, 1918ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ. ಇವು ಎಲ್ಲರೂ ಬಲ್ಲ ಸಂಗತಿಗಳು.

ಆದರೆ ಈ ಚರಿತ್ರೆಯನ್ನು ಗೆಲುವಿನ ಕಥೆಯೆಂದಷ್ಟೇ ಓದುವುದು ತಪ್ಪಾಗುತ್ತದೆ. ರಾಮಾನುಜನ್ 1920ರ ಏಪ್ರಿಲ್ 26ರಂದು, ಮೂವತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡರು. ಹದಿನೆಂಟರಿಂದ ಇಪ್ಪತ್ತೈದರವರೆಗಿನ ವರುಷಗಳೇ ಗಣಿತಜ್ಞನ ಜೀವನದಲ್ಲಿ ನಿರ್ಣಾಯಕವಾದವು, ಆ ಕಾಲದಲ್ಲಾದ ಹಾನಿಯೇ ನಿಜವಾದ ದುರಂತವೆಂಬುದು ಹಾರ್ಡಿಯವರ ಅಭಿಪ್ರಾಯವಾಗಿತ್ತು. ಅಲೆದಾಟದ ವರುಷಗಳು ಮನುಷ್ಯನನ್ನು ಪಕ್ವಗೊಳಿಸುತ್ತವೆಂದು ಹೇಳುವುದು ಸುಲಭ. ಅವು ಕಸಿದುಕೊಳ್ಳುವುದೂ ಉಂಟು. ಆದುದರಿಂದ ಕಾಯಕವನ್ನರಸುವವರಿಗೆ ಧೈರ್ಯ ಹೇಳಿದಷ್ಟಕ್ಕೇ ಸಮಾಜದ ಹೊಣೆ ತೀರುವುದಿಲ್ಲ. ರಾಮಸ್ವಾಮಿ ಅಯ್ಯರ್ ಒಂದು ಪತ್ರವನ್ನು ಬರೆದರು, ರಾಮಚಂದ್ರ ರಾವ್ ಸಮಯವನ್ನೂ ಹಣವನ್ನೂ ಕೊಟ್ಟರು, ನಾರಾಯಣ ಅಯ್ಯಂಗಾರ್ ತಾಳ್ಮೆಯಿಂದ ತಿದ್ದಿಸಿದರು. ಈ ಕೈಗಳು ಹಿಂದೆಗೆದಿದ್ದರೆ ಆ ನೋಟುಪುಸ್ತಕಗಳು ಕುಂಭಕೋಣದ ಮನೆಯಲ್ಲಿಯೇ ಉಳಿಯುತ್ತಿದ್ದವೇನೋ. ಇದ್ದವರು ಇಲ್ಲದವರಿಗೆ ಸಲ್ಲಿಸಬೇಕಾದ ಇಂಥ ಸೇವೆಗೆ ಶರಣರು ದಾಸೋಹವೆಂದು ಹೆಸರಿಟ್ಟರು.

ಕೆಲಸವಿಲ್ಲದೆ ಮನೆಯಲ್ಲಿ ಕುಳಿತ ಮಗನನ್ನು ಹಂಗಿಸುವ ಮುನ್ನ ತಂದೆತಾಯಿಗಳು ಆ ಸ್ಲೇಟನ್ನು ನೆನೆಯಬೇಕು. ನಿರಾಶೆಯಿಂದ ಅರ್ಜಿಯನ್ನು ಬದಿಗಿಟ್ಟ ಯುವಕನೂ ಅದನ್ನು ನೆನೆಯಬೇಕು. ಸಂಬಳ ಬರುವ ದಿನ ಯಾರ ಕೈಯಲ್ಲಿಯೂ ಇಲ್ಲ. ಇಂದಿನ ದಿನದ ಕಾಯಕ ಮಾತ್ರ ಅವರವರ ಕೈಯಲ್ಲಿದೆ.