ಭೂಮಣ್ಣಿ ಬುಟ್ಟಿಯ ಒಂದು ಎಳೆ

ಶಿವಮೊಗ್ಗ ಜಿಲ್ಲೆಯ ನಗರ ಎಂದೊಡನೆ ಎಲ್ಲರಿಗೂ ನೆನಪಾಗುವುದು ಕೋಟೆ. ಶಿವಪ್ಪ ನಾಯಕನ ಬಿದನೂರು, 1763ರಲ್ಲಿ ಹೈದರಾಲಿ ಗೆದ್ದು ಹೈದರನಗರ ಎಂದು ಕರೆದ ಊರು, ದೇವಗಂಗೆಯ ಕೊಳಗಳು. ನಾನು ಮೇಷ್ಟ್ರಾಗಿ ಮೂವತ್ತು ವರ್ಷ ಈ ಇತಿಹಾಸವನ್ನೇ ಪಾಠ ಮಾಡಿದವನು. ಆದರೆ ನಗರ ಸೀಮೆ ಎಂದರೆ ನನ್ನ ಕಣ್ಣಿಗೆ ಮೊದಲು ಬರುವುದು ನಮ್ಮ ಮನೆಯ ಅಡಿಕೆ ಸುಲಿಯುವ ಮೆಟ್ಟುಗತ್ತಿ.

1970ರಲ್ಲಿ ಮಾವ ಒಂದು ಆಗ್ಫಾ ಕ್ಲಿಕ್ ಕ್ಯಾಮೆರಾ ಕೊಟ್ಟರು. ಬರೋಡದಲ್ಲಿ ತಯಾರಾಗುತ್ತಿದ್ದ ಡಬ್ಬಿ ಕ್ಯಾಮೆರಾ. 120ರ ರೋಲು ಹಾಕಿದರೆ ಹನ್ನೆರಡು ಚಿತ್ರ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ ಆಗಷ್ಟೇ ಶುರುವಾಗಿತ್ತು. ಅದರ ‘ಇಂದು’ ಕಪ್ಪು-ಬಿಳುಪು ರೋಲುಗಳು ನಮ್ಮಂಥವರ ಕೈಗೂ ಎಟುಕಿದವು. ಈ ಕ್ಯಾಮೆರಾ ಇದ್ದದ್ದು ಮನುಷ್ಯರನ್ನು ನಿಲ್ಲಿಸಿ ತೆಗೆಯಲಿಕ್ಕೆ. ಹತ್ತಿರ ಹೋದರೆ ಚಿತ್ರ ಮಸುಕು, ಬಿಸಿಲಿಲ್ಲದಿದ್ದರೆ ಬರೀ ಕಪ್ಪು. ಮಲೆನಾಡಿನ ಮನೆಯೊಳಗೆ ಬಿಸಿಲೆಲ್ಲಿ? ಅದಕ್ಕೇ ಅಮ್ಮನ ಮೆಟ್ಟುಗತ್ತಿಯನ್ನು ಅಂಗಳಕ್ಕೆ ತಂದಿಟ್ಟೆ.

ಅಲ್ಲಿಯವರೆಗೆ ನಾನು ಅದನ್ನು ನೋಡಿಯೇ ಇರಲಿಲ್ಲ. ಕಾಲೂರುವ ಕಡೆ ಮಣೆ ತಗ್ಗಾಗಿ, ಪಾದದ ಗುರುತೇ ಬಿದ್ದಿತ್ತು. ಹಸಿ ಅಡಿಕೆಯ ಕರೆ ಕೂತು ಕೂತು ಮರ ಕಪ್ಪಾಗಿ ಮಿರುಗುತ್ತಿತ್ತು. ಕತ್ತಿಯ ನಡುಭಾಗ ಮಾತ್ರ ಸವೆದು ಒಳಬಾಗಿತ್ತು. ಅಜ್ಜಿ, ಆಮೇಲೆ ಅಮ್ಮ, ಇಬ್ಬರೂ ಲಾಟೀನಿನ ಬೆಳಕಲ್ಲಿ ಕೂತು ಸುಲಿದ ಅಡಿಕೆಯ ಲೆಕ್ಕ ಆ ಬಾಗಿನಲ್ಲಿತ್ತು. ಮಲ್ಲಿಗೆ ಗಿಡದ ಹತ್ತಿರ ನಿಂತು ಒಂದು ಕ್ಲಿಕ್ಕು ಒತ್ತಿದೆ. ಮನೆಯವರಿಗೆಲ್ಲ ರೋಲು ದಂಡವಾಯಿತೆಂಬ ಬೇಜಾರು.

ಅವರ ಬೇಜಾರು ಸಹಜವೇ. ಕ್ಯಾಮೆರಾ ಈ ಸೀಮೆಗೆ ಬಂದಿದ್ದೇ ದೊಡ್ಡದನ್ನು ನೋಡಲು. 1885ರಲ್ಲಿ ಶುರುವಾದ ಮೈಸೂರು ಪುರಾತತ್ವ ಇಲಾಖೆಯವರು ಇಕ್ಕೇರಿ, ಕೆಳದಿಯ ದೇವಸ್ಥಾನಗಳ ಚಿತ್ರ ತೆಗೆದರು. ಸ್ಟುಡಿಯೋದವರು ಮದುವೆಯ ದಂಪತಿಯನ್ನು ಕೂರಿಸಿದರು. ಮಳೆಗೆ ಹೊದೆಯುವ ಗೊರಬಿನ ಕಡೆ, ಪಾತ್ರೆ ತೂಗುಹಾಕುವ ನೆಲುವಿನ ಕಡೆ, ಹಾಳೆಟೊಪ್ಪಿಯ ಕಡೆ ಯಾರೂ ಕ್ಯಾಮೆರಾ ತಿರುಗಿಸಲಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿಂದಕ್ಕೆ ಹರಡಿದಾಗ ಸಾಗರ, ಹೊಸನಗರ ತಾಲ್ಲೂಕಿನ ಊರೂರುಗಳೇ ಮುಳುಗಿದವು. ಗಾಡಿಯಲ್ಲಿ ಹೇರಿ ತರಲಾಗದ್ದೆಲ್ಲ ಅಲ್ಲೇ ಉಳಿಯಿತು. ಆ ಮನೆಗಳ ಗೋಡೆಯ ಮೇಲೆ ಏನಿತ್ತೆಂದು ತೋರಿಸುವ ಒಂದೇ ಒಂದು ಫೋಟೋ ನನಗಿನ್ನೂ ಸಿಕ್ಕಿಲ್ಲ. ಆ ಸಂಕಟ ಈಗಲೂ ಇದೆ.

1973ರಲ್ಲಿ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ನೀನಾಸಂ ಚಿತ್ರಸಮಾಜ ಕಟ್ಟಿದರು. ಅಡಿಕೆ ತೋಟದ ನಡುವಿನ ಆ ಊರಲ್ಲಿ ಸತ್ಯಜಿತ್ ರಾಯ್ ಸಿನಿಮಾ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹಿತ್ತಾಳೆ ಚೊಂಬು, ಹರಿದ ಚಾಪೆ ಅಷ್ಟು ದೊಡ್ಡ ಪರದೆಯ ಮೇಲೆ! ನನ್ನದು ಹುಚ್ಚಲ್ಲ ಎಂಬ ಧೈರ್ಯ ಬಂದದ್ದು ಅಲ್ಲಿ.

ಮಳೆಗಾಲ ಮಾತ್ರ ಹವ್ಯಾಸಕ್ಕೆ ಶತ್ರು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ.ಗೂ ಮೀರಿ ಮಳೆ, ನಮ್ಮ ಕಡೆಯೂ ಕಡಿಮೆಯೇನಲ್ಲ. ಲೆನ್ಸಿನೊಳಗೆ ಬೂಷ್ಟು ಹಿಡಿದು ಜೇಡರಬಲೆಯಂತೆ ಹರಡುತ್ತಿತ್ತು. ಕ್ಯಾಮೆರಾವನ್ನು ಅಕ್ಕಿ ಡಬ್ಬದಲ್ಲಿ ಹೂತಿಟ್ಟೆ, ನೆಗೆಟಿವ್‌ಗಳನ್ನು ಒಲೆಯ ಮೇಲಿನ ಅಟ್ಟದಲ್ಲಿಟ್ಟೆ. ಆದರೂ ಮೆಟ್ಟುಗತ್ತಿಯ ನೆಗೆಟಿವ್ ಉಳಿಯಲಿಲ್ಲ.

ಆಮೇಲೆ ಸಾಗರದ ಕಡೆಯ ದೀವರ ಸಮುದಾಯದ ಕೇರಿಗಳಿಗೆ ಹೋಗತೊಡಗಿದೆ. ದೀಪಾವಳಿಗೆ ಮುಂಚೆ ಬರುವ ಭೂಮಿ ಹುಣ್ಣಿಮೆಗೆ ಅಲ್ಲಿ ಹೆಂಗಸರು ಬುಟ್ಟಿಗೆ ಚಿತ್ತಾರ ಬರೆಯುತ್ತಾರೆ. ಬಿದಿರಿನ ಬುಟ್ಟಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಒಣಗಿದ ಮೇಲೆ ಅಕ್ಕಿ ಹಿಟ್ಟಿನ ಬಿಳುಪಿನಲ್ಲಿ ಎಳೆ ಎಳೆದು ತುಂಬುತ್ತಾರೆ. ಕುಂಚ ಪುಂಡಿ ನಾರಿನದು, ಹಳದಿ ಗುರಿಗೆ ಕಾಯಿಯದು. ಈ ಭೂಮಣ್ಣಿ ಬುಟ್ಟಿಯಲ್ಲೇ ಬೆಳಗಿನ ಜಾವ ಗದ್ದೆಗೆ ಚರಗ ಒಯ್ದು ಚೆಲ್ಲುವುದು. ತೆನೆ ತುಂಬಿದ ಭೂಮಿ ಬಸುರಿ, ಅದು ಅವಳ ಬಯಕೆಯೂಟ. ಗೊಬ್ಬರ ಹೊರುವ ಬುಟ್ಟಿಯ ಜಾತಿಯದೇ ಬುಟ್ಟಿ ಅದು. ಅದರ ಚೆಲುವು ಕಾಣಲು ಅವರಿಗೆ ನನ್ನ ಕ್ಯಾಮೆರಾ ಬೇಕಿರಲಿಲ್ಲ.

1986ರಲ್ಲಿ ಒಬ್ಬ ಅಜ್ಜಿ ಬರೆದ ಬುಟ್ಟಿಯನ್ನು ಜಗಲಿಯಂಚಿಗೆ ತಂದು ತೆಗೆದೆ. ಆ ಹೊತ್ತಿಗೆ ಹತ್ತಿರದ್ದನ್ನೂ ಹಿಡಿಯುವ ಲೆನ್ಸ್ ನನ್ನಲ್ಲಿತ್ತು. ಕೆಲವು ವರ್ಷ ಕಳೆದು ಆಕೆಯ ಸೊಸೆ ಮನೆಗೇ ಬಂದರು.

“ಮೇಷ್ಟ್ರೇ, ಅತ್ತೆ ಬುಟ್ಟಿ ಫೋಟೋ ಇದ್ಯಾ? ಅವರು ಹೋದ್ರಲ್ಲ, ಈ ಸಲ ನಾನೇ ಬರೀಬೇಕು.”

ಪ್ರಿಂಟು ಕೊಟ್ಟೆ. ಬಾಗಿಲ ಬೆಳಕಿಗೆ ಹಿಡಿದು, ಬೆರಳಿಟ್ಟು ಎಳೆ ಎಣಿಸಿದರು. ಅಂಚಿಗೆ ಬಂದಾಗ ಬೆರಳು ನಿಂತಿತು. ಅಲ್ಲಿ ಜಗಲಿ ಕಂಬದ ನೆರಳು ಬಿದ್ದಿತ್ತು.

“ಇಲ್ಲೊಂದು ಎಳೆ ಕಾಣಲ್ಲ ನೋಡಿ.”

ನಾನು ಭೂತಗನ್ನಡಿ ತರಲು ಎದ್ದೆ.

“ಬ್ಯಾಡ ಬಿಡಿ, ಅದು ನಂಗೆ ಗೊತ್ತು” ಎಂದು ಪ್ರಿಂಟನ್ನು ಸೆರಗಿನಲ್ಲಿ ಸುತ್ತಿಕೊಂಡು, ಮಳೆ ಬರುವ ಮೊದಲೇ ಹೊರಟರು.